ಕಂಬಳಿ ಮನೆಯ ಕಾಗದಗಳು

ನಮ್ಮ ಮನೆಯ ಅಟ್ಟದ ಮೇಲೆ ಒಂದು ಟ್ರಂಕಿದೆ. ಅದರೊಳಗೆ ಒಂದು ಕರಿ ಕಂಬಳಿ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಅದನ್ನು ತೆಗೆದು, ಎರಡು ದಿನ ಬಿಸಿಲಿಗೆ ಹಾಕಿ, ಒಣಗಿದ ಬೇವಿನೆಲೆ ಇಟ್ಟು ಮತ್ತೆ ಮಡಿಸಿಡುತ್ತೇನೆ. ದಾವಣಗೆರೆಯ ಸೆಕೆಗೆ ಕಂಬಳಿ ಯಾರಿಗೆ ಬೇಕು? "ಯಾರೂ ಹೊದೆಯುವುದಿಲ್ಲವಲ್ಲ ಅತ್ತೆ, ಚುಚ್ಚುತ್ತೆ ಬೇರೆ. ಯಾರಿಗಾದರೂ ಕೊಟ್ಟುಬಿಡಬಾರದೇ?" ಎಂದು ನನ್ನ ಸೊಸೆ ಪ್ರತಿವರ್ಷ ಕೇಳುತ್ತಾಳೆ. ನಾನು ಪ್ರತಿವರ್ಷ "ನೋಡೋಣ" ಎನ್ನುತ್ತೇನೆ. ಈ ಸಲ ಅವಳು ಪ್ರಶ್ನೆಯನ್ನು ಸ್ವಲ್ಪ ಬದಲಿಸಿದಳು. "ಅದು ಯಾರದು ಅತ್ತೆ?" ಎಂದಳು. ನನಗೆ ಕೂಡಲೇ ಉತ್ತರ ಹೇಳಲಾಗಲಿಲ್ಲ. ಹೇಳಲಾಗದ್ದನ್ನು ಬರೆದಾದರೂ ನೋಡೋಣವೆಂದು ಕೂತಿದ್ದೇನೆ.

ನನ್ನ ತವರು ನಾಯಕನಹಟ್ಟಿ. ಚಳ್ಳಕೆರೆ ತಾಲ್ಲೂಕಿನ ನಾವೆಲ್ಲ ಅದನ್ನು ಬರೀ 'ಹಟ್ಟಿ' ಎಂದೇ ಕರೆಯುವುದು. ತಿಪ್ಪೇರುದ್ರಸ್ವಾಮಿಯ ಊರು. ಮಳೆ ಕಡಿಮೆ, ಬಿಸಿಲು ಜಾಸ್ತಿ. ಶೇಂಗಾ ಬಿತ್ತಿ ಮುಗಿಲು ನೋಡುವುದು, ಮುಗಿಲು ಕೈಕೊಟ್ಟರೆ ಕುರಿ ನೋಡಿಕೊಳ್ಳುವುದು, ಇದು ನಮ್ಮ ಕಡೆಯ ಬದುಕು. ಅಪ್ಪ ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದರು. ನಮ್ಮ ಮನೆಗೆ ಗೋಡೆಗೆ ಗೋಡೆ ಹತ್ತಿದಂತೆ ಒಂದು ಕಂಬಳಿ ನೇಯುವವರ ಮನೆ. ಆ ಮನೆಯಲ್ಲಿ ಒಬ್ಬ ತಾಯಿ, ಒಬ್ಬ ಮಗ. ಗಂಡ ಸತ್ತ ಮೇಲೆ ಆಕೆಯೇ ಕುರಿ ತುಪ್ಪಟ ಬಿಡಿಸಿ, ನೂಲು ತೆಗೆದು, ಹುಣಸೆ ಬೀಜದ ಗಂಜಿ ಕಾಯಿಸಿ ಹಾಸಿಗೆ ಹಚ್ಚುತ್ತಿದ್ದಳು. ಆ ಗಂಜಿಯ ಹುಳಿ ವಾಸನೆ, ತುಪ್ಪಟದ ಮೇಕೆ ಕುರಿಯ ವಾಸನೆ ನಮ್ಮ ಅಡುಗೆಮನೆಗೂ ಬರುತ್ತಿತ್ತು. ನಾವು ಆಕೆಯನ್ನು ದೊಡ್ಡವ್ವ ಎನ್ನುತ್ತಿದ್ದೆವು. ಮಗನನ್ನು ನಾನು ಅಣ್ಣ ಎನ್ನುತ್ತಿದ್ದೆ. ಅವನು ನನ್ನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. 'ಮೇಷ್ಟ್ರ ಮಗಳು' ಅಷ್ಟೆ. ಇಬ್ಬರ ಹೆಸರನ್ನೂ ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ನಮ್ಮೂರಿನವರಿಗೆ ಹೆಸರು ಬೇಕಿಲ್ಲ.

ಹತ್ತನೇ ತರಗತಿಯಲ್ಲಿ ಎರಡು ಸಲ ಗಣಿತದಲ್ಲಿ ಬಿದ್ದು, ಮೂರನೇ ಸಲ ಪಾಸಾಗಿ, ಯಾರಿಗೂ ಹೇಳದೆ ಬೆಂಗಳೂರಿಗೆ ಹೋಗಿ ಸೈನ್ಯಕ್ಕೆ ಭರ್ತಿಯಾದ. ಆಮೇಲೆ ತಾನೇ ಕೇಳಿಕೊಂಡು ಪ್ಯಾರಾ ದಳಕ್ಕೆ ಹೋದ. ಅದೇನೆಂದು ದೊಡ್ಡವ್ವನಿಗೆ ವಿವರಿಸಲು ನನಗೆ ಸಾಕುಸಾಕಾಯಿತು. "ವಿಮಾನದಿಂದ ಛತ್ರಿ ಕಟ್ಟಿಕೊಂಡು ಜಿಗಿಯೋದು ದೊಡ್ಡವ್ವ" ಎಂದೆ. ಆಕೆ ನೂಲು ನಿಲ್ಲಿಸಿ ನನ್ನ ಮುಖ ನೋಡಿದಳು. "ಯಾಕೆ? ವಿಮಾನ ನೆಲಕ್ಕಿಳಿಯಲ್ವಾ?" ಎಂದು ಕೇಳಿದಳು. ಈಗ ಯೋಚಿಸಿದರೆ ಆ ಪ್ರಶ್ನೆಗೆ ಯಾವ ಸೇನಾಪತಿಯೂ ಸರಿಯಾದ ಉತ್ತರ ಕೊಡಲಾರ ಅನಿಸುತ್ತದೆ.

ದೊಡ್ಡವ್ವನಿಗೆ ಓದು ಬಾರದು. ಅಪ್ಪನ ಹತ್ತಿರ ಕೇಳಲು ಸಂಕೋಚ. ಹಾಗಾಗಿ ಅವನ ಕಾಗದ ಓದುವುದು, ಆಕೆ ಹೇಳಿದ್ದನ್ನು ಬರೆಯುವುದು, ಎರಡೂ ನನ್ನ ಕೆಲಸವಾಯಿತು. ನನಗಾಗ ಹದಿನೈದು ಹದಿನಾರು ವಯಸ್ಸು. ಇನ್‌ಲ್ಯಾಂಡ್ ಕಾಗದ ಬಂದರೆ ಆಕೆ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಕಾಗದವನ್ನು ಎರಡೂ ಕೈಯಲ್ಲಿ ಹಿಡಿದು ತರುತ್ತಿದ್ದಳು. ಅಣ್ಣನ ಅಕ್ಷರವೋ ದೇವರಿಗೇ ಪ್ರೀತಿ. ಕುರಿಮಂದೆ ಹಾದುಹೋದ ಹಸಿ ನೆಲದ ಹಾಗೆ. 'ಅ'ಗೂ 'ಆ'ಗೂ ವ್ಯತ್ಯಾಸವಿಲ್ಲ, ಒತ್ತಕ್ಷರ ಎಲ್ಲೋ, ಅಕ್ಷರ ಎಲ್ಲೋ. ನಾನು ಪ್ರತಿ ಸಾಲಿಗೂ ನಿಂತು, ಹಿಂದಕ್ಕೆ ಹೋಗಿ, ಊಹಿಸಿ, ತಪ್ಪು ಓದಿ, ಮತ್ತೆ ಸರಿ ಓದಿ ಮುಗಿಸುವ ಹೊತ್ತಿಗೆ ಅರ್ಧ ಗಂಟೆ. ಆಕೆಗೆ ಅದೇ ಇಷ್ಟ. ಒಂದು ಪುಟದ ಕಾಗದ ಅರ್ಧ ಗಂಟೆ ಬಾಳುತ್ತಿತ್ತು.

ಶಿರಸಾಷ್ಟಾಂಗ ನಮಸ್ಕಾರ, ಇತ್ತ ನಾನು ಕ್ಷೇಮ, ಅತ್ತ ನಿಮ್ಮ ಕ್ಷೇಮ ಸಮಾಚಾರಕ್ಕೆ ಕಾಗದ ಬರೆಯಿಸುವುದು. ಇಷ್ಟು ಮುಗಿದ ಮೇಲೆ ಅವನ ಮಾತು ಶುರು. ಆಗ್ರಾದಲ್ಲಿ ಜಿಗಿಯುವುದನ್ನು ಕಲಿಸುತ್ತಾರಂತೆ. ಮೊದಲು ನೆಲದ ಮೇಲೆಯೇ ವಾರಗಟ್ಟಲೆ ಬೀಳುವುದನ್ನು ಕಲಿಯಬೇಕಂತೆ. ಎರಡೂ ಪಾದ ಜೋಡಿಸಿ, ಮಂಡಿ ಬಾಗಿಸಿ, ಪಕ್ಕಕ್ಕೆ ಉರುಳಬೇಕಂತೆ. ಐದು ಸಲ ಜಿಗಿದರೆ, ಅದರಲ್ಲಿ ಒಂದು ಕತ್ತಲೆಯಲ್ಲಿ, ಎದೆಗೆ ರೆಕ್ಕೆಯ ಬಿಲ್ಲೆ ಸಿಗುತ್ತದಂತೆ. ತಲೆಗೆ ಕೆಂಗಂದು ಬಣ್ಣದ ಟೋಪಿ. ಜಿಗಿಯುವವರಿಗೆ ಸಂಬಳದ ಮೇಲೆ ಬೇರೆ ಭತ್ಯೆ. "ಜಿಗಿದ್ರೆ ದುಡ್ಡಾ? ನಮ್ಮ ಆಡುಮರಿಗಳು ಇಷ್ಟೊತ್ತಿಗೆ ಸಾವ್ಕಾರ ಆಗ್ಬೇಕಿತ್ತು" ಎಂದು ದೊಡ್ಡವ್ವ ನಕ್ಕಿದ್ದಳು. ಆಕೆ ಅಷ್ಟು ಜೋರಾಗಿ ನಕ್ಕಿದ್ದು ನಾನು ಕಂಡದ್ದು ಅದೊಂದೇ ಸಲ.

1986ರಲ್ಲಿ ಜಾತ್ರೆಗೆ ರಜೆಯ ಮೇಲೆ ಬಂದ. ಬೀದಿಯ ಹುಡುಗರನ್ನೆಲ್ಲ ಕಟ್ಟಿಕೊಂಡು ಶೇಂಗಾ ಬಳ್ಳಿಯ ಬಣವೆ ಹತ್ತಿ, ಹೇಗೆ ಜಿಗಿದು ಹೇಗೆ ಉರುಳಬೇಕೆಂದು ತೋರಿಸಿದ. ಅವನು ಹೋದ ಮೇಲೂ ಒಂದು ತಿಂಗಳು ನಮ್ಮ ಬೀದಿಯಲ್ಲಿ ಯಾವ ಮನೆಯ ಛತ್ರಿಯೂ ನೆಟ್ಟಗಿರಲಿಲ್ಲ. ಹೊರಡುವಾಗ ದೊಡ್ಡವ್ವ ತಾನೇ ನೇಯ್ದ ಕಂಬಳಿಯನ್ನು ಕೊಟ್ಟಳು. ಆಗ್ರಾದಿಂದ ಬರೆದ: "ಇಲ್ಲಿ ಸರ್ಕಾರದ ಕಂಬಳಿ ಚುಚ್ಚುವುದಿಲ್ಲ, ಅದಕ್ಕೇ ನಿದ್ದೆ ಬರುತ್ತಿರಲಿಲ್ಲ. ಈಗ ಬರುತ್ತದೆ."

ಮರುವರ್ಷ 1987. ರೇಡಿಯೋದಲ್ಲಿ ದಿನವೂ ಶ್ರೀಲಂಕಾ, ಜಾಫ್ನಾ ಎಂಬ ಹೆಸರುಗಳು. ಜೂನ್ 4ರಂದು ನಮ್ಮ ಬೆಂಗಳೂರಿನಿಂದಲೇ ಐದು ವಿಮಾನಗಳು ಹೋಗಿ ಜಾಫ್ನಾದ ಮೇಲೆ ಛತ್ರಿ ಕಟ್ಟಿದ ಅಕ್ಕಿ ಬೇಳೆ ಮೂಟೆಗಳನ್ನು ಇಳಿಸಿದವು. ಅಲ್ಲಿ ಮುತ್ತಿಗೆಯಲ್ಲಿ ಸಿಕ್ಕಿಕೊಂಡ ತಮಿಳರಿಗೆ ಅನ್ನ ಎಂದರು. ದೊಡ್ಡವ್ವನಿಗೆ ಇದು ಬಹಳ ಮೆಚ್ಚುಗೆಯಾಯಿತು. "ಛತ್ರಿ ಕಟ್ಟೋದಾದ್ರೆ ಅಕ್ಕಿಗೆ ಕಟ್ಲಿ, ಒಳ್ಳೇದು" ಎಂದಳು. ಜುಲೈ 29ರಂದು ಕೊಲಂಬೊದಲ್ಲಿ ರಾಜೀವ್ ಗಾಂಧಿಯವರೂ ಜಯವರ್ಧನೆಯವರೂ ಒಪ್ಪಂದಕ್ಕೆ ಸಹಿ ಹಾಕಿದರು. ನಮ್ಮ ಸೈನ್ಯ ಶಾಂತಿ ಕಾಯಲೆಂದು ಹೋಯಿತು. ಶಾಂತಿ ಎರಡೂವರೆ ತಿಂಗಳೂ ನಿಲ್ಲಲಿಲ್ಲ. ಅಕ್ಟೋಬರ್ 10ರ ಹೊತ್ತಿಗೆ, ಯಾರನ್ನು ಕಾಯಲು ಹೋಗಿದ್ದರೋ ಆ ಜನರ ನಡುವೆಯೇ ಇದ್ದ ಹುಲಿಗಳ ಮೇಲೆ ಯುದ್ಧ ಶುರುವಾಯಿತು.

ಆ ತಿಂಗಳ ಕೊನೆಗೆ ಒಂದು ಕಾಗದ ಬಂತು. ಸೈನಿಕರ ವಿಳಾಸ ನಿಮಗೂ ಗೊತ್ತಿರಬಹುದು. ಆ ಹುಡುಗ ಎಲ್ಲೇ ಇರಲಿ, ಹೆಸರು, ನಂಬರು, ಕೆಳಗೆ ಎ.ಪಿ.ಓ. ಅಷ್ಟೇ ಇರುತ್ತದೆ. ಊರಿನ ಹೆಸರಿರುವುದಿಲ್ಲ. ದೊಡ್ಡವ್ವ ಎಂದಿನಂತೆ ಎದುರು ಕೂತಳು. ಬಿಡಿಸಿದೆ. ಮೊದಲ ಸಾಲಿನಲ್ಲಿಯೇ ನಮಸ್ಕಾರಕ್ಕಿಂತ ಮುಂಚೆ ಬರೆದಿದ್ದ: "ಮೇಷ್ಟ್ರ ಮಗಳೇ, ಇದನ್ನು ಜೋರಾಗಿ ಓದಬೇಡ. ನಾನು ಸಮುದ್ರ ದಾಟಿ ಬಂದಿದ್ದೇನೆ. ಅವ್ವನಿಗೆ ಆಗ್ರಾದಲ್ಲಿದ್ದೇನೆ ಅಂತಲೇ ಹೇಳು. ನಿನ್ನ ಮೇಲೆ ಆಣೆ."

ಓದಿದ ಕೂಡಲೇ ನನ್ನ ಕೈ ತಣ್ಣಗಾಯಿತು. ದೊಡ್ಡವ್ವ ನನ್ನ ಬಾಯನ್ನೇ ನೋಡುತ್ತಿದ್ದಳು. ನಾನು ಕಾಗದದ ಮೇಲೆ ಕಣ್ಣಿಟ್ಟು, ಅದರಲ್ಲಿ ಇಲ್ಲದ್ದನ್ನು ಓದತೊಡಗಿದೆ. ಶಿರಸಾಷ್ಟಾಂಗ ನಮಸ್ಕಾರ. ಆಗ್ರಾದಲ್ಲಿ ಈಗ ಚಳಿ ಶುರುವಾಗಿದೆ. ಕಂಬಳಿ ಹೊದ್ದು ಮಲಗುತ್ತೇನೆ. ಮೊನ್ನೆ ತಾಜಮಹಲ್ ನೋಡಿಬಂದೆ. ಇಲ್ಲಿಯ ಊಟ ಚೆನ್ನಾಗಿದೆ, ರೊಟ್ಟಿ ಮಾತ್ರ ನಮ್ಮ ಜೋಳದ ರೊಟ್ಟಿಯ ಹಾಗಲ್ಲ. ಹೀಗೆ ಒಂದು ಪುಟ. ಎಲ್ಲೂ ತೊದಲಲಿಲ್ಲ. ಪರೀಕ್ಷೆಯಲ್ಲಿ ಬಾಯಿಪಾಠ ಒಪ್ಪಿಸಿದ ಹಾಗೆ ಒಪ್ಪಿಸಿದೆ. ಮುಗಿದಾಗ ನನಗೆ ಒಳಗೊಳಗೇ ಹೆಮ್ಮೆಯೂ ಆಯಿತೆಂದು ಈಗ ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ. ದೊಡ್ಡವ್ವ ಏನೂ ಮಾತಾಡಲಿಲ್ಲ. ಕಾಗದ ತೆಗೆದುಕೊಂಡು, ಮಡಿಸಿ, ಎದ್ದು ಹೋದಳು.

ಆಮೇಲೆ ಐದು ತಿಂಗಳಲ್ಲಿ ಇನ್ನೂ ಮೂರು ಕಾಗದ ಬಂದವು. ಪ್ರತಿಯೊಂದರಲ್ಲೂ ನನಗೊಂದು ಸಾಲು, ಅವ್ವನಿಗೊಂದು ಪುಟ. ಅಲ್ಲಿಯ ಸೆಕೆ, ತಾಳೆಮರಗಳು, ಕೆಂಪು ಮಣ್ಣು. 'ನಮ್ಮ ಕಡೆಯ ಹಾಗೆಯೇ ಇದೆ, ನೀರು ಮಾತ್ರ ಬಾವಿಯಲ್ಲಿ ಮೇಲೆಯೇ ಸಿಗುತ್ತದೆ' ಎಂದು ಬರೆದಿದ್ದ. 'ಇಲ್ಲಿ ಯಾರೂ ನಮ್ಮನ್ನು ಛತ್ರಿಯಲ್ಲಿ ಇಳಿಸುವುದಿಲ್ಲ, ನಡೆದೇ ಸಾಯಬೇಕು' ಎಂದು ತಮಾಷೆ ಮಾಡಿದ್ದ. ರಸ್ತೆಯಲ್ಲಿ ಹುಗಿದಿಟ್ಟ ಸಿಡಿಮದ್ದಿನ ವಿಷಯ ಒಂದು ಸಾಲಿನಲ್ಲಿ ಬರೆದು ಅದನ್ನು ತಾನೇ ಹೊಡೆದುಹಾಕಿದ್ದ. ಹೊಡೆದುಹಾಕಿದ್ದನ್ನೂ ನಾನು ಬೆಳಕಿಗೆ ಹಿಡಿದು ಓದಿದೆ. ದೊಡ್ಡವ್ವನಿಗೆ ಮಾತ್ರ ಆಗ್ರಾ ಓದಿದೆ. ಆಕೆ ಉತ್ತರ ಹೇಳಿ ಬರೆಯಿಸುತ್ತಿದ್ದಳು. ಮಳೆ ಬರಲಿಲ್ಲ. ಕೆಂದ ಕುರಿ ಅವಳಿ ಮರಿ ಹಾಕಿದೆ. ದೊಡ್ಡಕೆರೆಯಲ್ಲಿ ನೀರಿಲ್ಲ. ಮೊದಲೆಲ್ಲ ಕಾಗದದ ಕೊನೆಗೆ 'ಮೈ ಕಡೆ ಜ್ವಾಪಾನ' ಎಂದು ಮೂರು ಸಲ ಬರೆಯಿಸುತ್ತಿದ್ದ ಹೆಂಗಸು ಈಗ ಅದನ್ನು ಹೇಳುವುದನ್ನೇ ಬಿಟ್ಟಿದ್ದಳು. ನಾನು ಗಮನಿಸಲಿಲ್ಲ.

1988ರ ಜಾತ್ರೆ ಬಂತು. ನಮ್ಮ ಜಾತ್ರೆ ಕಂಡವರಿಗೆ ಗೊತ್ತು. ಹೊಳಿ ಹುಣ್ಣಿಮೆ ಕಳೆಯುತ್ತಿದ್ದಂತೆ ಊರಿನ ತುಂಬ ಗಾಡಿ, ಜನ. ಒಳಮಠ ಹೊರಮಠದ ನಡುವೆ ಕಾಲಿಡಲು ಜಾಗವಿಲ್ಲ. ಹರಕೆ ಹೊತ್ತವರು ಒಣಕೊಬ್ಬರಿ ಸುಡುತ್ತಾರೆ. ಆ ಹೊಗೆ, ಎಣ್ಣೆಯ ಘಾಟು ಎರಡು ದಿನ ಊರು ಬಿಟ್ಟು ಹೋಗುವುದಿಲ್ಲ. ಸ್ವಾಮಿ ಐದು ಕೆರೆ ಕಟ್ಟಿಸಿದ ಕಾಯಕಯೋಗಿ, 'ಮಾಡಿದಷ್ಟು ನೀಡು ಭಿಕ್ಷೆ' ಎಂದವನು. ಆ ವರ್ಷ ದೊಡ್ಡವ್ವ ಎಂದಿಲ್ಲದಷ್ಟು ಕೊಬ್ಬರಿ ಸುಟ್ಟಳು. ಒಂದಲ್ಲ, ಎರಡಲ್ಲ, ಬುಟ್ಟಿಯ ತುಂಬ. "ಇಷ್ಟೊಂದು ಯಾಕೆ ದೊಡ್ಡವ್ವ?" ಎಂದೆ. "ಸುಮ್ನೆ" ಎಂದಳು. ತೇರು ಎಳೆದಾಗ ಬಾಳೆಹಣ್ಣು ಎಸೆದು, ಅದು ಕಳಸದ ಕಡೆ ಹೋಯಿತೋ ಇಲ್ಲವೋ ಎಂದು ನನ್ನನ್ನೇ ಕೇಳಿದಳು. ಹೋಯಿತು ಎಂದೆ. ಅದೂ ಸುಳ್ಳೇ. ಹಣ್ಣು ಜನರ ಮೇಲೆ ಎಲ್ಲೋ ಬಿದ್ದಿತ್ತು.

ಜಾತ್ರೆ ಮುಗಿದು ಯುಗಾದಿ ಇನ್ನೂ ಬಂದಿರಲಿಲ್ಲ, ತಂತಿ ಬಂತು. ಇಂಗ್ಲಿಷಿನಲ್ಲಿತ್ತು. ಅಪ್ಪ ಶಾಲೆಯಲ್ಲಿದ್ದರು. ತಂತಿಯನ್ನೂ ನಾನೇ ಓದಬೇಕಾಯಿತು. ಶ್ರೀಲಂಕಾದಲ್ಲಿ ಕರ್ತವ್ಯದ ಮೇಲಿದ್ದಾಗ, ಎಂದಿತ್ತು. ಇಷ್ಟು ದಿನ ಇಲ್ಲದ್ದನ್ನು ಸರಾಗವಾಗಿ ಓದಿದ ನನಗೆ ಇದ್ದದ್ದನ್ನು ಓದಲು ಬಾಯಿ ಬರಲಿಲ್ಲ. ಹೇಗೋ ಹೇಳಿದೆ. ಬೀದಿಯೆಲ್ಲ ಸೇರಿತು, ಹೆಂಗಸರು ಗೋಳಾಡಿದರು. ದೊಡ್ಡವ್ವ ಅಳಲಿಲ್ಲ. ಕಂಬಕ್ಕೊರಗಿ ಕೂತಿದ್ದವಳು ಎಲ್ಲರ ಎದುರಿಗೆ ಒಂದೇ ಮಾತು ಹೇಳಿದಳು. "ನನ್ ಮಗ ಆಗ್ರಾದಾಗೆ ಅವ್ನೆ. ಸಮುದ್ರದಾಚೆ ಸತ್ತೋನು ಬ್ಯಾರೆ ಯಾರೋ. ಕೇಳ್ರಿ, ಈ ಹುಡುಗೀನೇ ಕಾಗ್ದ ಓದವಳೆ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ನಮ್ಮ ಮನೆಗೆ ಓಡಿಹೋದೆ.

ಆಗಿನ ಕಾಲದಲ್ಲಿ ಹೊರನಾಡಿನಲ್ಲಿ ಸತ್ತ ಸೈನಿಕರ ದೇಹ ಊರಿಗೆ ಬರುವುದು ಅಪರೂಪ. 1999ರ ಕಾರ್ಗಿಲ್ ಯುದ್ಧದಲ್ಲಿ ಧ್ವಜ ಹೊದಿಸಿದ ಪೆಟ್ಟಿಗೆಗಳು ಹಳ್ಳಿ ಹಳ್ಳಿಗೆ ಬಂದಾಗ, ಊರಿಗೂರೇ ಸೇರಿ ಮೆರವಣಿಗೆ ಮಾಡಿದಾಗ, ನಾನು ಟಿ.ವಿ. ಮುಂದೆ ಕೂತು ಬೇರೆಯದೇ ಕಾರಣಕ್ಕೆ ಅತ್ತೆ. ಆ ತಾಯಂದಿರಿಗೆ ಮುಟ್ಟಲು ಒಂದು ಪೆಟ್ಟಿಗೆಯಾದರೂ ಇತ್ತು. ದೊಡ್ಡವ್ವನಿಗೆ ಬಂದದ್ದು ಒಂದು ಟ್ರಂಕು. ಅದರೊಳಗೆ ಕೆಂಗಂದು ಟೋಪಿ, ಒಂದು ಗಡಿಯಾರ, ಆಗ್ರಾದಲ್ಲೇ ಬಿಟ್ಟು ಹೋಗಿದ್ದ ಕಂಬಳಿ. ಕಂಬಳಿಯ ಮಡಿಕೆಯಲ್ಲಿ ದಾರ ಕಟ್ಟಿದ ಕಾಗದದ ಕಟ್ಟು. ಎಲ್ಲವೂ ನನ್ನ ಅಕ್ಷರ. ದೊಡ್ಡವ್ವ ಹೇಳಿ ನಾನು ಬರೆದವು. ಅವುಗಳನ್ನು ಓದೆಂದು ನನ್ನನ್ನೇ ಕೂರಿಸಿಕೊಂಡಳು. ಓದುತ್ತಾ ಹೋದೆ. ಕೊನೆಯ ನಾಲ್ಕು ಕಾಗದಗಳಲ್ಲಿ ಬರೀ ಮಳೆ ಮತ್ತು ಕುರಿ.

ಆಕೆ ತಿಥಿ ಮಾಡಲಿಲ್ಲ. ಬಂಧುಗಳು ಹೇಳಿದರು, ಜಗಳ ಮಾಡಿದರು, ಬಿಟ್ಟರು. ಪಿಂಚಣಿಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು, ಆದರೆ ಅದು ಮಗ ಕಳಿಸುವ ಹಣ ಎಂದಳು. ವಾರಕ್ಕೊಮ್ಮೆ ನನ್ನನ್ನು ಕರೆದು ಹಳೆಯ ಕಾಗದ ಓದಿಸಿಕೊಳ್ಳುತ್ತಿದ್ದಳು. ಅದೇ ವರ್ಷದ ಕೊನೆಗೆ ನನಗೆ ಮದುವೆಯಾಗಿ ದಾವಣಗೆರೆಗೆ ಬಂದೆ. ಬಂದ ಹೊಸತರಲ್ಲಿ ರಾತ್ರಿ ಎಚ್ಚರವಾದರೆ ಒಂದೇ ಯೋಚನೆ. ನನ್ನ ಸುಳ್ಳಿನಿಂದ ಆ ತಾಯಿ ಸಾವನ್ನು ನಂಬಲಾರದೆ ಹೋದಳು. ಅತ್ತು ಹಗುರಾಗುವ ದಾರಿಗೆ ನಾನೇ ಕಲ್ಲು ಇಟ್ಟೆ.

1990ರಲ್ಲಿ ಬಾಣಂತನಕ್ಕೆ ತವರಿಗೆ ಹೋದೆ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಲು ದೊಡ್ಡವ್ವನೇ ಬರುತ್ತಿದ್ದಳು. ಮಾರ್ಚ್ 24ರಂದು ನಮ್ಮ ಸೈನ್ಯದ ಕೊನೆಯ ತುಕಡಿಯೂ ಶ್ರೀಲಂಕಾ ಬಿಟ್ಟು ಹಡಗು ಹತ್ತಿತೆಂದು ರೇಡಿಯೋ ಹೇಳಿತು. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ ಕೂತು, ಮೊಣಕಾಲ ಕೆಳಗೆ ನನ್ನ ಮಗುವನ್ನು ಬೋರಲು ಮಲಗಿಸಿಕೊಂಡು ನೀರು ಹಾಕುತ್ತ ಕೇಳಿದಳು. "ಎಲ್ರೂ ಬಂದ್ರಂತಲ್ಲ?"

ನನಗೆ ತಡೆಯಲಾಗಲಿಲ್ಲ. ಬಾಗಿಲ ಹತ್ತಿರ ಕೂತು ಎಲ್ಲವನ್ನೂ ಹೇಳಿದೆ. ಆಣೆ ಹಾಕಿದ್ದು, ಆಗ್ರಾ, ತಾಜಮಹಲ್, ಎಲ್ಲ. ಆಕೆಯ ಕೈ ನಿಲ್ಲಲಿಲ್ಲ. ಮಗುವಿನ ಬೆನ್ನಿಗೆ ನೀರು ಹೊಯ್ಯುತ್ತಲೇ ಇದ್ದಳು.

"ನಂಗೆ ಅವತ್ತೇ ಗೊತ್ತಾತು ಕಣವ್ವ" ಎಂದಳು.

"ಯಾವತ್ತು?"

"ನೀನು ಆ ಕಾಗ್ದ ಓದಿದ್ಯಲ್ಲ, ಅವತ್ತು. ಯಾವಾಗ್ಲೂ ಎಡವಿ ಎಡವಿ ಓದೋಳು ಅವತ್ತು ಎಲ್ಲೂ ನಿಲ್ಲಿಲ್ಲ. ನನ್ ಮಗನ ಅಕ್ಸರ ಅಷ್ಟು ಚಂದ ಯಾವಾಗಾತು?"

ನಾನು ಬೆಪ್ಪಾಗಿ ಕೂತೆ. "ಹಂಗಾದ್ರೆ ತಂತಿ ಬಂದಾಗ ಯಾಕೆ ಹಂಗಂದೆ ದೊಡ್ಡವ್ವ?"

"ಒಪ್ಕೊಂಡಿದ್ರೆ ತಿಥಿ ಮಾಡು ಅಂತಿದ್ರು. ತಿಥಿ ಮಾಡಿದ್ಮ್ಯಾಲೆ ಯಾರು ಕಾಗ್ದ ಓದ್ತಾರೆ?" ಎಂದಳು. ಮಗುವನ್ನು ಎತ್ತಿ, ತಲೆಗೆ ದೃಷ್ಟಿ ನಿವಾಳಿಸಿ ನನ್ನ ಕೈಗೆ ಕೊಡುವಾಗ ಇನ್ನೊಂದು ಮಾತು ಹೇಳಿದಳು. "ನೀನು ಹುಡುಗಿ. ನಿನ್ ತಲೆ ಮ್ಯಾಲೆ ಅವ್ನು ಅಷ್ಟು ಭಾರ ಹೊರಿಸ್ಬಾರ್ದಿತ್ತು."

ನನ್ನನ್ನು ಕ್ಷಮಿಸಿದಳೆಂದು ಆ ದಿನ ಹಗುರಾದೆ. ಆ ಹಗುರ ಬಹಳ ದಿನ ಉಳಿಯಲಿಲ್ಲ. ಆ ನಾಲ್ಕು ಕಾಗದಗಳು ನೆನಪಾದವು. ಮಗ ಯುದ್ಧದಲ್ಲಿದ್ದಾನೆಂದು ತಾಯಿಗೆ ಗೊತ್ತು. ತಾಯಿಗೆ ಗೊತ್ತಾಗಬಾರದೆಂದು ಮಗನ ಆಸೆ. ಇಬ್ಬರ ನಡುವೆ ಓದು ಬಲ್ಲ ನಾನು ಕೂತಿದ್ದೆ. ನನ್ನ ಸುಳ್ಳನ್ನು ಉಳಿಸಲೆಂದು ಆ ತಾಯಿ ಐದು ತಿಂಗಳು ತನ್ನ ಮಾತನ್ನೆಲ್ಲ ನುಂಗಿ ಬರೀ ಮಳೆ, ಕುರಿ, ಕೆರೆ ಬರೆಯಿಸಿದಳು. 'ಮೈ ಕಡೆ ಜ್ವಾಪಾನ' ಎಂಬ ಎರಡು ಮಾತು ಕೂಡ ಆಡಲಿಲ್ಲ. ಆಗ್ರಾದಲ್ಲಿ ಇರುವವನಿಗೆ ಅದನ್ನು ಅಷ್ಟು ಒತ್ತಿ ಹೇಳುವುದೇನಿದೆ? ಅವನು ಅವ್ವನ ಬಾಯಿಂದ ಒಂದು ಎಚ್ಚರಿಕೆಯ ಮಾತೂ ಇಲ್ಲದೆ ಸತ್ತ. ನಾನು ನಿಜ ಓದಿದ್ದರೆ ಅವನು ಬದುಕುತ್ತಿದ್ದ ಎಂದಲ್ಲ. ಆಕೆ ಹೇಳಬೇಕಾದ್ದನ್ನು ಹೇಳುತ್ತಿದ್ದಳು, ಅಷ್ಟೆ. ಅದು ಸಣ್ಣದೆಂದು ನಿಮಗೆ ಅನಿಸಿದರೆ, ನಿಮ್ಮ ಮನೆಯಿಂದ ಯಾರಾದರೂ ದೂರ ಹೊರಟಾಗ ಬಾಗಿಲಲ್ಲಿ ನಿಂತು ನೀವು ಏನು ಹೇಳುತ್ತೀರಿ ಎಂದು ನೆನಪಿಸಿಕೊಳ್ಳಿ.

ಆ ಯುದ್ಧದ ವಿಷಯ ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದೆ. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಆಟದ ಮೈದಾನಕ್ಕೆ ಹೆಲಿಕಾಪ್ಟರುಗಳಲ್ಲಿ ಪ್ಯಾರಾ ಕಮಾಂಡೋಗಳನ್ನೂ ಸಿಖ್ ಲೈಟ್ ಇನ್‌ಫೆಂಟ್ರಿಯ ಮೂವತ್ತು ಮಂದಿಯನ್ನೂ ಇಳಿಸಿದರು. ಹುಲಿಗಳು ಮೊದಲೇ ಕಾದು ಕೂತಿದ್ದರು. ಆ ಮೂವತ್ತರಲ್ಲಿ ಇಪ್ಪತ್ತೊಂಬತ್ತು ಮಂದಿ ಬೆಳಗಾಗಿ ಮಧ್ಯಾಹ್ನವಾಗುವುದರೊಳಗೆ ಸತ್ತರು, ಒಬ್ಬ ಸೆರೆಸಿಕ್ಕ. ಕಮಾಂಡೋಗಳಲ್ಲಿ ಆರು ಮಂದಿ. ಹತ್ತು ದಿನ ಕಳೆದು, ದೀಪಾವಳಿಯ ಹೊತ್ತಿಗೆ ಜಾಫ್ನಾದ ಆಸ್ಪತ್ರೆಯೊಳಗೆ ನಮ್ಮವರ ಗುಂಡಿಗೆ ರೋಗಿಗಳು, ವೈದ್ಯರು, ದಾದಿಯರು ಬಲಿಯಾದರು. ಇದನ್ನು ಮೊದಲ ಸಲ ಓದಿದಾಗ ಪುಸ್ತಕ ಮುಚ್ಚಿಟ್ಟುಬಿಟ್ಟೆ. ನಮ್ಮ ಹುಡುಗ ಒಳ್ಳೆಯವನು, ಅವನು ಸತ್ತದ್ದು ಒಳ್ಳೆಯ ಕೆಲಸಕ್ಕೆ ಎಂದು ನಂಬಿಕೊಂಡಿದ್ದ ಮನಸ್ಸಿಗೆ ಇದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ನಮ್ಮವರು 1,100ಕ್ಕೂ ಹೆಚ್ಚು ಮಂದಿ ಆ ದ್ವೀಪದಲ್ಲಿ ಸತ್ತರು. ಅಲ್ಲಿಯ ಊರುಗಳಲ್ಲಿ ಸತ್ತವರ ಲೆಕ್ಕ ಅವರವರ ಮನೆಯವರಿಗೆ ಗೊತ್ತು.

ಅದೇ ವಿಶ್ವವಿದ್ಯಾಲಯದಲ್ಲಿ ರಜನಿ ತಿರಣಗಮ ಎಂಬ ಹೆಣ್ಣುಮಗಳು ಅಂಗರಚನಾಶಾಸ್ತ್ರ ಕಲಿಸುತ್ತಿದ್ದಳು. ಎರಡು ಹೆಣ್ಣುಮಕ್ಕಳ ತಾಯಿ. ಹುಲಿಗಳು ಮಾಡಿದ್ದನ್ನೂ, ನಮ್ಮ ಸೈನ್ಯ ಮಾಡಿದ್ದನ್ನೂ, ಅವರದೇ ಸರ್ಕಾರ ಮಾಡಿದ್ದನ್ನೂ, ಯಾರನ್ನೂ ಬಿಡದೆ, ಸತ್ತವರ ಮನೆಮನೆಗೆ ಹೋಗಿ ಕೇಳಿ ಬರೆದಿಟ್ಟಳು. ಮೂವರು ಸಂಗಡಿಗರ ಜೊತೆ ಸೇರಿ 'ದಿ ಬ್ರೋಕನ್ ಪಾಮೈರಾ' ಎಂಬ ಪುಸ್ತಕ ಮಾಡಿದಳು. ಮುರಿದ ತಾಳೆಮರ ಎಂದು ಅದರ ಅರ್ಥ. 1989ರ ಸೆಪ್ಟೆಂಬರ್ 21ರಂದು ಕೆಲಸ ಮುಗಿಸಿ ಸೈಕಲ್ ಮೇಲೆ ಮನೆಗೆ ಹೋಗುತ್ತಿದ್ದಾಗ ಅವಳನ್ನು ಗುಂಡಿಟ್ಟು ಕೊಂದರು. ಅವಳಿಗೆ ಮೂವತ್ತೈದು ವರ್ಷ. ಅಣ್ಣನ ಕಾಗದದಲ್ಲಿಯ ತಾಳೆಮರಗಳೂ ಆ ಪುಸ್ತಕದ 'ಪಾಮೈರಾ'ವೂ ಒಂದೇ ಎಂದು ನನಗೆ ಹೊಳೆದಾಗ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದ್ದಕ್ಕೆ ಒಬ್ಬಳು ಪ್ರಾಣ ಕೊಟ್ಟಿದ್ದಳು. ನಾನು ಅದೇ ವರ್ಷಗಳಲ್ಲಿ ಒಬ್ಬ ತಾಯಿಗೆ ತಾಜಮಹಲ್ ಓದಿ ಹೇಳುತ್ತಿದ್ದೆ.

ನಮ್ಮ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆಳಗಿನ ಹಂತದಲ್ಲಿ ವೀರ ಕಾದಾಡುತ್ತಾನೆ. ನಡುವಿನ ಹಂತದಲ್ಲಿ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ, ಸೂರ್ಯ ಚಂದ್ರರು ಸಾಕ್ಷಿ. ಪಕ್ಕದಲ್ಲಿ ಎಲ್ಲೋ ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಒಂದು ತೋಳು; ಅದು ಹೆಂಡತಿಯದು. ತಾಯಿಗೆ ಮಾತ್ರ ಯಾವ ಕಲ್ಲಿನಲ್ಲೂ ಜಾಗವಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ದಳದ, ಪರದೇಶದಲ್ಲಿ ಮಡಿದ ನಮ್ಮ ಸವಾರರ ನೆನಪಿಗೆ ನಿಲ್ಲಿಸಿದ ಕಲ್ಲು. ಪ್ಯಾರಾ ದಳದ ತರಬೇತಿ ಕೇಂದ್ರವೂ 1992ರಲ್ಲಿ ಆಗ್ರಾದಿಂದ ಬೆಂಗಳೂರಿಗೆ ಬಂತು. ಮಗಳ ಮನೆಗೆ ಹೋದಾಗ ಆ ಕಡೆ ಕೆಂಗಂದು ಟೋಪಿಯ ಹುಡುಗರು ಕಾಣುತ್ತಾರೆ. ಎಲ್ಲರೂ ಬಣವೆಯಿಂದ ಈಗ ತಾನೇ ಇಳಿದವರ ಹಾಗೆ ಕಾಣುತ್ತಾರೆ ನನಗೆ. ಕೊಲಂಬೊದ ಹತ್ತಿರ ಕೋಟ್ಟೆಯಲ್ಲಿ ಶ್ರೀಲಂಕಾದವರೇ ನಮ್ಮ ಸೈನಿಕರಿಗೆ ಒಂದು ಸ್ಮಾರಕ ಕಟ್ಟಿಸಿದ್ದಾರೆ, ಕಪ್ಪು ಕಲ್ಲಿನ ಮೇಲೆ ಹೆಸರು ಕೆತ್ತಿಸಿದ್ದಾರೆ ಎಂದು ಪತ್ರಿಕೆಯಲ್ಲಿ ಓದಿದಾಗ ದೊಡ್ಡವ್ವ ಇರಲಿಲ್ಲ. ಇದ್ದಿದ್ದರೆ ಓದಿ ಹೇಳುತ್ತಿದ್ದೆ. ಎಡವಿ ಎಡವಿಯೇ ಓದುತ್ತಿದ್ದೆ.

ಆಕೆ ಹೋಗುವ ಮುಂಚೆ ಕೊನೆಯ ಸಲ ಕಂಡಾಗ ಕಂಬಳಿಯನ್ನು ನನ್ನ ಮಡಿಲಿಗೆ ಹಾಕಿದಳು. ಕಾಗದಗಳನ್ನು ಕೊಡಲಿಲ್ಲ, ತನ್ನ ಜೊತೆಗೇ ಮಣ್ಣು ಮಾಡಿಸೆಂದು ನೆಂಟರಿಗೆ ಹೇಳಿದ್ದಳು. ಹಾಗೆಯೇ ಮಾಡಿದರು. ಮಗನಿಗೆ ಇಲ್ಲದ ಮಣ್ಣು ಅವನ ಅಕ್ಷರಗಳಿಗೆ ಸಿಕ್ಕಿತು.

2024ರ ಮಾರ್ಚಿನಲ್ಲಿ ಜಾತ್ರೆಗೆಂದು ತವರಿಗೆ ಹೋಗಿದ್ದೆ. ನಮ್ಮ ಕುದಾಪುರ, ಉಳ್ಳಾರ್ತಿಯ ಕಡೆಯ ಅಮೃತಮಹಲ್ ಕಾವಲುಗಳಲ್ಲಿ ಈಗ ಕುರಿಗಳಿಗೆ ಮೊದಲಿನ ದಾರಿಗಳಿಲ್ಲ. ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳ ಬೇಲಿ ಎದ್ದಿವೆ, ವಿಮಾನ ಪರೀಕ್ಷೆಯ ರನ್‌ವೇ ಆಗಿದೆ. 22ರ ಬೆಳಿಗ್ಗೆ ಏಳು ಗಂಟೆಯ ಮೇಲೆ ಹೆಲಿಕಾಪ್ಟರಿನ ಭಾರಿ ಸದ್ದು. ಅಂಗಳಕ್ಕೆ ಬಂದೆವು. ಇಸ್ರೋದವರ ರೆಕ್ಕೆಯ ವಾಹನವೊಂದನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಕೈಬಿಟ್ಟರಂತೆ. ಅದು ಒಳಗೆ ಯಾರೂ ಇಲ್ಲದೆ, ತಾನೇ ದಾರಿ ಹುಡುಕಿಕೊಂಡು ರನ್‌ವೇಗೆ ಇಳಿಯಿತಂತೆ. ಇಳಿದ ಮೇಲೆ ಓಟ ತಗ್ಗಿಸಲು ಹಿಂದೊಂದು ಛತ್ರಿ ಬಿಚ್ಚಿಕೊಂಡಿತೆಂದು ಮರುದಿನ ಪತ್ರಿಕೆಯಲ್ಲಿತ್ತು. ಓದುತ್ತಿದ್ದಂತೆ ದೊಡ್ಡವ್ವನ ಪ್ರಶ್ನೆ ನೆನಪಾಯಿತು: ಯಾಕೆ, ವಿಮಾನ ನೆಲಕ್ಕಿಳಿಯಲ್ವಾ? ಇಳಿಯುತ್ತೆ ದೊಡ್ಡವ್ವ, ನಮ್ಮ ಹಟ್ಟಿಯ ಕಾವಲಿನಲ್ಲೇ ಇಳಿಯುತ್ತೆ, ಒಳಗೆ ಯಾರ ಮಗನೂ ಇಲ್ಲದೆ, ಎಂದು ಮನಸ್ಸಿನಲ್ಲೇ ಹೇಳಿಕೊಂಡೆ.

ಸೊಸೆಗೆ ನಿನ್ನೆ ಇದನ್ನು ಓದಲು ಕೊಟ್ಟೆ. ಓದಿ ಏನೂ ಹೇಳಲಿಲ್ಲ. ಮಧ್ಯಾಹ್ನ ತಂತಿಯ ಮೇಲಿದ್ದ ಕಂಬಳಿಯನ್ನು ತಾನೇ ತೆಗೆದು, ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದಳು. ಅದನ್ನು ಅಟ್ಟಕ್ಕೆ ಏರಿಸಲಿಲ್ಲ. ನಡುಮನೆಯ ಮಂಚದ ಕಾಲಬಳಿ ಮಡಿಸಿ ಇಟ್ಟಳು. ರಾತ್ರಿ ಮೊಮ್ಮಗ ಬಂದು ಅದರ ಮೇಲೆ ಮಲಗಿದ. ಚುಚ್ಚುತ್ತದೆ ಎಂದ. ಎದ್ದು ಮಾತ್ರ ಹೋಗಲಿಲ್ಲ.